ಬ್ಯಾಂಜೋದ ಐದನೇ ತಂತಿಯಿಂದ ಶುರುಮಾಡಿ: ಅಮೆರಿಕದ ರೂಟ್ಸ್ ಸಂಗೀತ ಕೇಳುವ ಬಗೆ

2024ರ ಮಾರ್ಚಿನಲ್ಲಿ ಬಿಯಾನ್ಸೆ ಕಂಟ್ರಿ ಸಂಗೀತದ ಆಲ್ಬಂ ಹೊರತಂದರು. 2025ರ ಫೆಬ್ರುವರಿಯಲ್ಲಿ ಅದಕ್ಕೆ ವರ್ಷದ ಆಲ್ಬಂ ಎಂಬ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಆ ಆಲ್ಬಂನ ಅತಿ ಜನಪ್ರಿಯ ಹಾಡು ಶುರುವಾಗುವುದು ರಿಯಾನನ್ ಗಿಡೆನ್ಸ್ ನುಡಿಸಿದ ಬ್ಯಾಂಜೋದಿಂದ. ಅದೇ ಸುಮಾರಿಗೆ ಗಾಯಕ ಬಾಬ್ ಡಿಲನ್ ಅವರ ಯೌವನದ ದಿನಗಳ ಬಗ್ಗೆ ಒಂದು ಸಿನಿಮಾ, 1932ರ ಮಿಸಿಸಿಪಿಯ ಬ್ಲೂಸ್ ಗಾಯಕನ ಸುತ್ತ ಇನ್ನೊಂದು ಸಿನಿಮಾ ತೆರೆಗೆ ಬಂದವು. ಇವನ್ನು ನೋಡಿ, ಕೇಳಿ, ಮುಂದೇನು ಕೇಳೋಣ ಎಂದು ಹುಡುಕಲು ಹೊರಟವರಿಗೆ ಫೋಕ್, ಬ್ಲೂಸ್, ಕಂಟ್ರಿ, ಬ್ಲೂಗ್ರಾಸ್, ಓಲ್ಡ್‌ಟೈಮ್, ಅಮೆರಿಕಾನಾ ಎಂಬ ಹೆಸರುಗಳ ರಾಶಿಯೇ ಎದುರಾಗುತ್ತದೆ. ಹೆಸರು ಹಿಡಿದು ಹೊರಟರೆ ದಾರಿ ತಪ್ಪುವುದು ಸುಲಭ. ವಾದ್ಯವನ್ನೂ ಅದನ್ನು ನುಡಿಸುವ ಕೈಯನ್ನೂ ಹಿಡಿದು ಹೊರಟರೆ ಈ ಸಂಗೀತ ಬೇಗ ತೆರೆದುಕೊಳ್ಳುತ್ತದೆ.

ಅಕೌಸ್ಟಿಕ್ ಯಾವುದು, ರೂಟ್ಸ್ ಯಾವುದು

ವಿದ್ಯುತ್ತಿನ ಸಹಾಯವಿಲ್ಲದೆ ವಾದ್ಯದ ಮೈಯಿಂದಲೇ ನಾದ ಹೊರಡುವುದು ಅಕೌಸ್ಟಿಕ್. ಗಿಟಾರಿನಲ್ಲಿ ತಂತಿಯ ಕಂಪನ ಕುದುರೆಯ (ತಂತಿಗಳನ್ನು ಹೊತ್ತ ಪಟ್ಟಿಯ) ಮೂಲಕ ಇಳಿದು, ಸುಮಾರು 3 ಮಿಲಿಮೀಟರ್ ದಪ್ಪದ ಮೇಲ್ಹಲಗೆಯನ್ನು ಅಲುಗಿಸುತ್ತದೆ. ಬ್ಯಾಂಜೋದಲ್ಲಿ ಹಲಗೆಯ ಬದಲು ಚರ್ಮದ ಹೊದಿಕೆ ಇರುತ್ತದೆ. ರೆಕಾರ್ಡಿಂಗಿಗೆ ಮೈಕ್ ಇಟ್ಟರೂ ಸಂಗೀತ ಅಕೌಸ್ಟಿಕ್ಕೇ.

ರೂಟ್ಸ್ ಎಂಬುದು ಒಂದು ಶೈಲಿಯಲ್ಲ, ಒಂದು ಛತ್ರಿ. ಹೊಲ, ಚರ್ಚು, ಮನೆಯ ಜಗಲಿ, ಕುಣಿತದ ಕೂಟಗಳಲ್ಲಿ ಕಿವಿಯಿಂದ ಕಿವಿಗೆ ದಾಟಿದ ಸಂಗೀತವೂ ಅದರಿಂದ ನೇರವಾಗಿ ಬೆಳೆದದ್ದೂ ಅದರಡಿ ಬರುತ್ತವೆ: ಬ್ಲೂಸ್, ಗಾಸ್ಪೆಲ್, ಅಪಲಾಚಿಯನ್ ಬೆಟ್ಟಗಳ ಓಲ್ಡ್‌ಟೈಮ್, ಲೂಸಿಯಾನದ ಫ್ರೆಂಚ್ ಮಾತಿನವರ ಕೇಜನ್ ಮತ್ತು ಜೈಡಿಕೋ, ಟೆಕ್ಸಾಸ್ ಗಡಿಯ ಕೊನ್‌ಹುಂಟೊ. ಹೊಸಬರು ಬ್ಲೂಗ್ರಾಸನ್ನು ತೀರಾ ಪುರಾತನವೆಂದುಕೊಳ್ಳುವುದುಂಟು. ಅದು ವೇದಿಕೆಗಾಗಿ ಹುಟ್ಟಿದ ಸಂಗೀತ. ಬಿಲ್ ಮನ್ರೊ ಅವರ ಬ್ಲೂ ಗ್ರಾಸ್ ಬಾಯ್ಸ್ ತಂಡಕ್ಕೆ 1945ರ ಡಿಸೆಂಬರಿನಲ್ಲಿ ಬ್ಯಾಂಜೋ ವಾದಕ ಅರ್ಲ್ ಸ್ಕ್ರಗ್ಸ್ ಸೇರಿದ ಮೇಲೆ ಅದರ ಇಂದಿನ ರೂಪ ನಿಂತಿತು. ಅಂದರೆ ಅದು 1934ರ ಮೊದಲ ಕನ್ನಡ ಟಾಕಿ ಸಿನಿಮಾಕ್ಕಿಂತಲೂ ಚಿಕ್ಕದು.

ಹೆಸರಿಟ್ಟವರು ಅಂಗಡಿಯವರು

ಕಿರಾಣಿ ಅಂಗಡಿಯಲ್ಲಿ ಡಬ್ಬದ ಮೇಲೆ ಅಂಟಿಸಿದ ಚೀಟಿ ಅಂಗಡಿಯವನ ಅನುಕೂಲಕ್ಕೆ ಇರುವಂಥದ್ದು. ಈ ಸಂಗೀತದ ಹೆಸರುಗಳಲ್ಲಿ ಹಲವು ಹಾಗೇ ಹುಟ್ಟಿದವು. 1920ರಲ್ಲಿ ಓಕೆ ಕಂಪನಿಗೆ ಮೇಮಿ ಸ್ಮಿತ್ ಹಾಡಿದ ಬ್ಲೂಸ್ ತಟ್ಟೆ (ಗ್ರಾಮಫೋನ್ ರೆಕಾರ್ಡ್) ಭಾರಿ ಮಾರಾಟವಾಯಿತು. ಕಪ್ಪು ಜನರೂ ತಟ್ಟೆ ಕೊಳ್ಳುತ್ತಾರೆಂದು ಕಂಪನಿಗಳಿಗೆ ಗೊತ್ತಾಗಿ, ಅವರಿಗಾಗಿ ‘ರೇಸ್ ರೆಕಾರ್ಡ್ಸ್’ ಎಂಬ ಪ್ರತ್ಯೇಕ ಸರಣಿಗಳು ಬಂದವು. 1923ರಲ್ಲಿ ಅದೇ ಕಂಪನಿ ಅಟ್ಲಾಂಟಾದಲ್ಲಿ ಪಿಟೀಲು ವಾದಕ ಫಿಡ್ಲಿನ್ ಜಾನ್ ಕಾರ್ಸನ್ ಅವರನ್ನು ರೆಕಾರ್ಡ್ ಮಾಡಿತು. ಅದೂ ಮಾರಿತು. ದಕ್ಷಿಣದ ಬಿಳಿಯರಿಗಾಗಿ ‘ಹಿಲ್‌ಬಿಲ್ಲಿ’ ಎಂಬ ಇನ್ನೊಂದು ಚೀಟಿ ತಯಾರಾಯಿತು.

ಅಟ್ಲಾಂಟಾದ ರೆಕಾರ್ಡಿಂಗ್ ನಡೆಸಿದ ರಾಲ್ಫ್ ಪೀರ್ 1927ರ ಜುಲೈ ಕೊನೆಯಲ್ಲಿ ವಿಕ್ಟರ್ ಕಂಪನಿಯ ಪರವಾಗಿ ಬ್ರಿಸ್ಟಲ್ ಊರಿಗೆ ಬಂದರು. ಟೆನೆಸಿ, ವರ್ಜೀನಿಯಾ ರಾಜ್ಯಗಳ ಗಡಿ ಈ ಊರಿನ ಮುಖ್ಯ ಬೀದಿಯ ನಡುವೆಯೇ ಹಾದುಹೋಗುತ್ತದೆ. ಅಲ್ಲಿ ಎರಡು ವಾರದೊಳಗೆ ಅವರಿಗೆ ಸಿಕ್ಕವರಲ್ಲಿ ಕಾರ್ಟರ್ ಕುಟುಂಬ ಮತ್ತು ಜಿಮ್ಮಿ ರಾಜರ್ಸ್ ಇದ್ದರು. ಕಂಟ್ರಿ ಸಂಗೀತದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಂದಲೇ ಶುರುಮಾಡುತ್ತಾರೆ. ಆದರೆ ಆ ಚರಿತ್ರೆಯಲ್ಲಿ ಲೆಸ್ಲಿ ರಿಡ್ಲ್ ಅವರ ಹೆಸರು ಬಹುಕಾಲ ಕಾಣಲಿಲ್ಲ. ಈ ಕಪ್ಪು ಗಿಟಾರ್ ವಾದಕರು ಎ.ಪಿ. ಕಾರ್ಟರ್ ಜೊತೆ ಊರೂರು ಅಲೆದು ಹಾಡು ಸಂಗ್ರಹಿಸಿದರು. ಕಾರ್ಟರ್ ಮಾತುಗಳನ್ನು ಬರೆದುಕೊಂಡರೆ, ಮಟ್ಟು ರಿಡ್ಲ್ ಅವರ ನೆನಪಿನಲ್ಲಿ ಉಳಿಯುತ್ತಿತ್ತು.

ಈ ಚೀಟಿಗಳಿಂದಾದ ದೊಡ್ಡ ನಷ್ಟ ಬೇರೆಯೇ ಇದೆ. ಕಪ್ಪು ಗಾಯಕರಿಂದ ಕಂಪನಿಗಳು ಹೆಚ್ಚಾಗಿ ಬ್ಲೂಸನ್ನೇ ಬಯಸಿದ್ದರಿಂದ, ಪಿಟೀಲು–ಬ್ಯಾಂಜೋ ನುಡಿಸುತ್ತಿದ್ದ ಕಪ್ಪು ತಂಡಗಳು ತಟ್ಟೆಗಳಲ್ಲಿ ಅಪರೂಪವಾದವು. ಹಳೆಯ ರೆಕಾರ್ಡುಗಳನ್ನಷ್ಟೇ ಕೇಳಿದವರಿಗೆ ಬ್ಯಾಂಜೋ ಬಿಳಿಯರ ವಾದ್ಯವೆನಿಸಿದರೆ ಆಶ್ಚರ್ಯವಿಲ್ಲ.

ಬ್ಯಾಂಜೋ: ಗಿಡ್ಡ ತಂತಿಯ ದೊಡ್ಡ ಕೆಲಸ

ಬ್ಯಾಂಜೋದ ಬೇರು ಪಶ್ಚಿಮ ಆಫ್ರಿಕದಲ್ಲಿದೆ. ಸೆನೆಗಲ್–ಗ್ಯಾಂಬಿಯಾ ಪ್ರದೇಶದ ಜೋಲಾ ಜನರ ಅಕಾಂಟಿಂಗ್ ಅದರ ಹತ್ತಿರದ ನೆಂಟ. ಸೋರೆಬುರುಡೆಗೆ ಚರ್ಮ ಹೊದಿಸಿ, ಉದ್ದನೆಯ ಕೋಲು ತೂರಿಸಿ, ಮೂರು ತಂತಿ ಕಟ್ಟುತ್ತಾರೆ. ಅದರಲ್ಲೊಂದು ಗಿಡ್ಡ ತಂತಿ, ಅದು ಹೆಬ್ಬೆರಳಿನದು. ಇಂಥ ವಾದ್ಯಗಳ ನೆನಪನ್ನು ಗುಲಾಮರಾಗಿ ಸಾಗಿಸಲ್ಪಟ್ಟವರು ಕೆರಿಬಿಯನ್ ದ್ವೀಪಗಳಿಗೂ ಅಮೆರಿಕಕ್ಕೂ ಒಯ್ದರು. 19ನೇ ಶತಮಾನದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಗೇಲಿಮಾಡುತ್ತಿದ್ದ ಮಿನ್‌ಸ್ಟ್ರೆಲ್ ಪ್ರದರ್ಶನಗಳು ಅದೇ ವಾದ್ಯವನ್ನು ದೇಶದ ತುಂಬ ಹರಡಿದವು.

ಇಂದಿನ ಬ್ಯಾಂಜೋಗೆ ಐದು ತಂತಿ. ನಾಲ್ಕರ ಬಿರಡೆಗಳು ತಲೆಯಲ್ಲಿರುತ್ತವೆ, ಐದನೆಯದರ ಬಿರಡೆ ಮಾತ್ರ ಕೊರಳಿನ ಪಕ್ಕದಲ್ಲಿ, ಐದನೇ ಮೆಟ್ಟಿನ (ಫ್ರೆಟ್) ಹತ್ತಿರ. ಹೆಚ್ಚು ಬಳಕೆಯಲ್ಲಿರುವ ಶ್ರುತಿಯಲ್ಲಿ, ಮೂರನೇ ತಂತಿಯನ್ನು ಷಡ್ಜವೆಂದು ಇಟ್ಟುಕೊಂಡರೆ ನಾಲ್ಕನೆಯದು ಮಂದ್ರ ಪಂಚಮ, ಎರಡನೆಯದು ಗಾಂಧಾರ, ಒಂದನೆಯದು ಪಂಚಮ. ಕಣ್ಣಿಗೆ ಮಂದ್ರದ ಪಕ್ಕದಲ್ಲೇ ಕಾಣುವ ಗಿಡ್ಡ ಐದನೇ ತಂತಿ ತಾರಷಡ್ಜ! ಎಡಗೈ ಅದನ್ನು ಸಾಮಾನ್ಯವಾಗಿ ಒತ್ತುವುದೇ ಇಲ್ಲ. ರಾಗ ಎಲ್ಲಿಗೆ ಹೋದರೂ ಆ ಷಡ್ಜ ಮೇಲಿನಿಂದ ಮತ್ತೆ ಮತ್ತೆ ಮಿನುಗುತ್ತಿರುತ್ತದೆ.

ನುಡಿಸುವ ಮುಖ್ಯ ಬಗೆ ಎರಡು. ಕ್ಲಾಹ್ಯಾಮರ್‌ನಲ್ಲಿ ಬೆರಳುಗಳನ್ನು ಅರ್ಧ ಮಡಚಿ, ತೋರುಬೆರಳಿನ ಅಥವಾ ನಡುಬೆರಳಿನ ಉಗುರಿನ ಬೆನ್ನಿನಿಂದ ತಂತಿಯನ್ನು ಕೆಳಮುಖವಾಗಿ ಹೊಡೆಯುತ್ತಾರೆ. ಮೊದಲು ಮಟ್ಟಿನ ಸ್ವರ, ಆಮೇಲೆ ಹಲವು ತಂತಿಗಳ ಮೇಲೆ ಒಂದು ಸವರು, ಕೂಡಲೇ ಹೆಬ್ಬೆರಳಿನಿಂದ ಐದನೇ ತಂತಿ: ಡುಂ–ತಕ, ಡುಂ–ತಕ. ಅಕಾಂಟಿಂಗ್ ನುಡಿಸುವ ಕೈಯೂ ಕೆಳಮುಖವಾಗಿಯೇ ಹೊಡೆಯುತ್ತದೆ. ಸ್ಕ್ರಗ್ಸ್ ಬಗೆಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಪಿಕ್ (ಮೀಟಲು ತೊಡುವ ಉಗುರು) ತೊಟ್ಟು ಒಂದೊಂದೇ ತಂತಿಯನ್ನು ಬಿಡುವಿಲ್ಲದೆ ಮೀಟುತ್ತಾರೆ. ಒಂದು ಬಾರ್‌ಗೆ (ತಾಳದ ಆವರ್ತದಂಥ ಅಳತೆ) ಎಂಟು ಸ್ವರ. ಅದರೊಳಗೆ ಮಟ್ಟಿನ ಸ್ವರಗಳು ಒಂದಿಷ್ಟು ಜೋರಾಗಿ ಬರುತ್ತವೆ. ಅವನ್ನು ಹೆಕ್ಕಲು ಕಿವಿಗೆ ಅಭ್ಯಾಸ ಬೇಕು, ಆದ್ದರಿಂದ ಮೊದಲು ಕ್ಲಾಹ್ಯಾಮರ್ ಕೇಳುವುದೇ ಒಳ್ಳೆಯದು.

ಕೊಳ್ಳಲು ಹೊರಟವರು ಬಿರಡೆ ಎಣಿಸಲೇಬೇಕು. ನಾಲ್ಕೇ ತಂತಿಯ ಟೆನರ್ ಬ್ಯಾಂಜೋ ಕೂಡ ಅಂಗಡಿಯಲ್ಲಿ ಬ್ಯಾಂಜೋ ಎಂದೇ ಸಿಗುತ್ತದೆ. ಅದಕ್ಕೆ ಗಿಡ್ಡ ತಂತಿ ಇಲ್ಲ, ಮೇಲೆ ಹೇಳಿದ ಯಾವುದೂ ಅದರಲ್ಲಿ ಬರುವುದಿಲ್ಲ. ನಿಜವಾದ ಚರ್ಮದ ಹೊದಿಕೆ ಮಳೆಗಾಲದಲ್ಲಿ ತೇವ ಹೀರಿ ಸಡಿಲವಾಗುತ್ತದೆ, ನಾದ ಮಂಕಾಗುತ್ತದೆ. ಕರಾವಳಿ, ಮಲೆನಾಡಿನಲ್ಲಿ ಪ್ಲಾಸ್ಟಿಕ್ ಹೊದಿಕೆಯೇ ಸರಿ.

ಪಿಟೀಲು: ಸ–ಪ–ಸ–ಪ

ಫಿಡಲ್ ಎಂದರೆ ಬೇರೆ ವಾದ್ಯವಲ್ಲ, ಪಿಟೀಲೇ. ಬೇರೆಯಾಗುವುದು ಬಿಲ್ಲಿನ ಕೆಲಸ ಮತ್ತು ಶ್ರುತಿ. ಅಪಲಾಚಿಯನ್ ವಾದಕರು ಹಲವು ಮಟ್ಟುಗಳಿಗೆ ಕೆಳಗಿನ ಎರಡು ತಂತಿಗಳನ್ನು ಒಂದೊಂದು ಸ್ವರದಷ್ಟು ಏರಿಸಿಕೊಳ್ಳುತ್ತಾರೆ. ಆಗ ತಂತಿಗಳ ನಡುವಿನ ಸಂಬಂಧ ಸ–ಪ–ಸ–ಪ ಆಗುತ್ತದೆ, ನಮ್ಮ ಕರ್ನಾಟಕ ಸಂಗೀತದ ಪಿಟೀಲಿನದೂ ಇದೇ ಸಂಬಂಧ. ಇಬ್ಬರಿಗೂ ಇದರಿಂದ ಆಗುವ ಉಪಯೋಗ ಒಂದೇ: ಪಕ್ಕದ ತಂತಿಯನ್ನು ಒತ್ತದೆ ಹಾಗೇ ಬಿಟ್ಟರೂ ಅದು ಶ್ರುತಿಯಾಗಿ ಮೊಳಗುತ್ತದೆ.

ಕುಣಿತದ ಮಟ್ಟಿಗೆ ಸಾಮಾನ್ಯವಾಗಿ ಎರಡು ಭಾಗ. ಎಂಟು ಬಾರ್‌ಗಳ ಮೊದಲ ಭಾಗ ಎರಡು ಸಲ, ಎಂಟು ಬಾರ್‌ಗಳ ಎರಡನೇ ಭಾಗ ಎರಡು ಸಲ. ಕುಣಿತದ ವೇಗದಲ್ಲಿ ಒಂದು ಸುತ್ತು ಅರ್ಧ ನಿಮಿಷದ ಆಚೀಚೆ ಮುಗಿಯುತ್ತದೆ, ಮತ್ತೆ ಮೊದಲಿನಿಂದ. ಹೊಸ ಕಿವಿಗೆ ಇದು ಬರೀ ಪುನರಾವರ್ತನೆ. ಭಾಗ ಎಲ್ಲಿ ಬದಲಾಯಿತು ಎಂದು ಹಿಡಿಯಲು ಕಲಿತ ಮೇಲೆ ಪ್ರತಿ ಸುತ್ತಿನಲ್ಲೂ ಬಿಲ್ಲು ಬೇರೆ ಜಾಗದಲ್ಲಿ ಒತ್ತು ಕೊಡುವುದು ಕೇಳಿಸುತ್ತದೆ. ಓಲ್ಡ್‌ಟೈಮ್ ಮತ್ತು ಬ್ಲೂಗ್ರಾಸ್ ಬೇರ್ಪಡಿಸಲು ಸುಲಭದ ಗುರುತು ಇದು: ಎಲ್ಲರೂ ಕೊನೆಯವರೆಗೆ ಮಟ್ಟನ್ನು ಒಟ್ಟಿಗೆ ನುಡಿಸಿದರೆ ಓಲ್ಡ್‌ಟೈಮ್. ಒಬ್ಬೊಬ್ಬರೇ ಸರದಿಯಂತೆ ಮುಂದೆ ಬಂದು ಕೈಚಳಕ ತೋರಿದರೆ ಬ್ಲೂಗ್ರಾಸ್.

ಗಿಟಾರಿನಲ್ಲಿ ಹೆಬ್ಬೆರಳನ್ನು ಹಿಂಬಾಲಿಸಿ

ಮಿಸಿಸಿಪಿ ಜಾನ್ ಹರ್ಟ್ ಒಬ್ಬರೇ ನುಡಿಸುವಾಗ ಇಬ್ಬರು ಕೂತಂತೆ ಕೇಳಿಸುತ್ತದೆ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ, ಗಡಿಯಾರದಷ್ಟು ಸಮನಾಗಿ, ಪ್ರತಿ ಎಣಿಕೆಗೂ ತಂತಿ ಬದಲಿಸುತ್ತಾ ನಡೆಯುತ್ತದೆ. ತೋರುಬೆರಳು, ನಡುಬೆರಳು ಸಣ್ಣ ತಂತಿಗಳ ಮೇಲೆ ಆ ಎಣಿಕೆಗಳ ನಡುವೆ ನುಸುಳಿ ಮಟ್ಟನ್ನು ಹೇಳುತ್ತವೆ. ಅವರು 1928ರಲ್ಲಿ ಓಕೆ ಕಂಪನಿಗೆ ರೆಕಾರ್ಡ್ ಮಾಡಿ, ಮತ್ತೆ ಬೇಸಾಯಕ್ಕೆ ಮರಳಿದರು. ತಮ್ಮ ಒಂದು ಹಾಡಿನಲ್ಲಿ ಅವರು ಆವಲಾನ್ ಎಂಬ ತಮ್ಮೂರಿನ ಹೆಸರು ಹೇಳಿದ್ದರು. ಆ ಸುಳಿವು ಹಿಡಿದು 1963ರಲ್ಲಿ ಅಭಿಮಾನಿಗಳು ಹುಡುಕಿಕೊಂಡು ಹೋದಾಗ ಹರ್ಟ್ ಅಲ್ಲೇ ಇದ್ದರು. ಆ ಬೇಸಿಗೆಯಲ್ಲೇ ನ್ಯೂಪೋರ್ಟ್ ಫೋಕ್ ಉತ್ಸವದಲ್ಲಿ ಹಾಡಿದರು.

ನಾರ್ತ್ ಕ್ಯಾರೊಲಿನಾದ ಎಲಿಜಬೆತ್ ಕಾಟನ್ ಎಡಗೈಯವರು. ಬಲಗೈಯವರಿಗೆಂದು ತಂತಿ ಕಟ್ಟಿದ ಗಿಟಾರನ್ನೇ ತಿರುಗಿಸಿ ಹಿಡಿದರು. ಹೀಗಾಗಿ ಅವರಲ್ಲಿ ಕೆಲಸ ಅದಲುಬದಲು: ಬೆರಳುಗಳದು ಮಂದ್ರ, ಹೆಬ್ಬೆರಳಿನದು ಮಟ್ಟು. ಕಾರ್ಟರ್ ಕುಟುಂಬದ ಮೇಬೆಲ್ ಕಾರ್ಟರ್ ಮೂರನೆಯ ದಾರಿ ಹಿಡಿದರು. ಮಟ್ಟನ್ನೇ ದಪ್ಪ ತಂತಿಗಳ ಮೇಲೆ ಹೆಬ್ಬೆರಳಿನಿಂದ ನುಡಿಸಿ, ಬೆರಳಿನಿಂದ ಸಣ್ಣ ತಂತಿಗಳನ್ನು ಸವರಿ ಲಯ ಕೊಟ್ಟರು.

ಇಲ್ಲೇ ಬಹಳ ಜನ ಎಡವುವುದು. ಗಿಟಾರಿನ ಅತಿ ದಪ್ಪ ತಂತಿಯ ಕಂಪನ ಸೆಕೆಂಡಿಗೆ ಸುಮಾರು 82. ಮೊಬೈಲಿನ ಪುಟ್ಟ ಸ್ಪೀಕರಿಗೆ ಅಷ್ಟು ತಗ್ಗಿನ ನಾದ ಹೊರಡಿಸುವ ಶಕ್ತಿಯಿಲ್ಲ. ಹೆಬ್ಬೆರಳಿನ ಕೆಲಸವೆಲ್ಲ ಮಾಯವಾಗಿ ಸಣ್ಣ ತಂತಿಗಳ ಟಣಟಣ ಮಾತ್ರ ಉಳಿಯುತ್ತದೆ, ಕೇಳಿದವರು ‘ಏನೂ ಇಲ್ಲವಲ್ಲ’ ಎಂದು ಮುಂದೆ ಹೋಗುತ್ತಾರೆ. ಸಾಧಾರಣ ಇಯರ್‌ಫೋನ್ ಸಾಕು, ಹಾಡು ಬೇರೆಯೇ ಆಗುತ್ತದೆ. ಒಂದೇ ಹಾಡನ್ನು ಮೂರು ಸಲ ಕೇಳಿ: ಮೊದಲ ಸಲ ಹೆಬ್ಬೆರಳಿನ ಜೊತೆ ಕಾಲು ತಟ್ಟುತ್ತಾ, ಎರಡನೇ ಸಲ ಬೆರಳುಗಳ ಕಡೆಗೆ ಕಿವಿಯಿಟ್ಟು, ಮೂರನೇ ಸಲ ಮಾತಿಗೆ.

ಬ್ಲೂಸ್: ಮೂರು ಸಾಲು, ಹನ್ನೆರಡು ಬಾರ್

ಬ್ಲೂಸಿನ ಅತಿ ಸಾಮಾನ್ಯ ರೂಪದಲ್ಲಿ ಒಂದು ಪದ್ಯಕ್ಕೆ ಮೂರು ಸಾಲು. ಒಂದು ಸಾಲು ಹಾಡಿ, ಅದನ್ನೇ ಮತ್ತೆ ಹಾಡಿ, ಮೂರನೆಯದರಲ್ಲಿ ಉತ್ತರ ಕೊಡುವುದು. ಕನ್ನಡದಲ್ಲಿ ಕಟ್ಟಿ ನೋಡಿದರೆ ಹೀಗೆ:

ಹೊಳೆ ತುಂಬಿ ಬಂತಣ್ಣ, ಹೊಸಿಲಿಗೆ ಬಂದು ನಿಂತಿತು,
ಹೌದು, ಹೊಳೆ ತುಂಬಿ ಬಂತಣ್ಣ, ಹೊಸಿಲಿಗೆ ಬಂದು ನಿಂತಿತು,
ಹತ್ತಿ ಹೊಲ ಕೊಚ್ಚಿಹೋಯ್ತು, ಸಾಲ ಮಾತ್ರ ಉಳಿಯಿತು.

ಪ್ರತಿ ಸಾಲಿಗೆ ನಾಲ್ಕು ಬಾರ್, ಪ್ರತಿ ಬಾರ್‌ಗೆ ನಾಲ್ಕು ಎಣಿಕೆ. ಸಾಲಿನ ಮೊದಲರ್ಧದಲ್ಲಿ ಹಾಡು ಮುಗಿದು, ಉಳಿದರ್ಧದಲ್ಲಿ ಗಿಟಾರು ಮಾರುತ್ತರ ಹೇಳುತ್ತದೆ. ಕೆಳಗೆ ನಡೆಯುವ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮೂರೇ. ಮೊದಲ ಸಾಲಿಗೆ ನಾಲ್ಕೂ ಬಾರ್ ಷಡ್ಜದ ಕಾರ್ಡ್. ಎರಡನೆಯದಕ್ಕೆ ಎರಡು ಬಾರ್ ಮಧ್ಯಮ, ಎರಡು ಷಡ್ಜ. ಮೂರನೆಯದಕ್ಕೆ ಪಂಚಮ ಒಂದು, ಮಧ್ಯಮ ಒಂದು, ಷಡ್ಜ ಎರಡು. ಮಾತು ಅದೇ ಇದ್ದರೂ ಎರಡನೇ ಸಾಲು ಬೇರೆ ಭಾವ ಕೊಡುವುದು ಅದರಡಿಯ ಕಾರ್ಡ್ ಬದಲಾಗುವುದರಿಂದ. ಬೆರಳು ಮಡಚಿ ಹನ್ನೆರಡು ಎಣಿಸಿದರೆ ಬೇಗ ಕೈಹತ್ತುತ್ತದೆ. ಆದರೆ ಮಿಸಿಸಿಪಿ ಡೆಲ್ಟಾದ ಒಂಟಿ ಗಾಯಕರು ಎಣಿಕೆಯನ್ನು ತಮಗೆ ಬೇಕಾದಂತೆ ಎಳೆಯುತ್ತಾರೆ, ಮೊಟಕು ಮಾಡುತ್ತಾರೆ. ಅಲ್ಲಿ ಲೆಕ್ಕ ತಪ್ಪಿದರೆ ತಪ್ಪು ನಿಮ್ಮದಲ್ಲ.

ಬ್ಲೂ ನೋಟ್ ಎನ್ನುವುದು ನಮ್ಮವರಿಗೆ ಸುಲಭ. ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಕಂಠ ತೂಗಾಡುತ್ತದೆ. ಕೆಳಗೆ ಗಿಟಾರು ಅಂತರ ಗಾಂಧಾರವನ್ನೇ ಗಟ್ಟಿಯಾಗಿ ಹಿಡಿದಿರುತ್ತದೆ. ಆ ಉಜ್ಜಾಟವೇ ಬ್ಲೂಸಿನ ರುಚಿ. ಪಿಯಾನೋದಲ್ಲಿ ಆ ಜಾಗಕ್ಕೆ ಮನೆಯೇ ಇಲ್ಲ.

ಜಾರುವ ಸ್ವರ ಹವಾಯಿಯಿಂದ ಬೆಂಗಳೂರಿನವರೆಗೆ

19ನೇ ಶತಮಾನದ ಕೊನೆಯಲ್ಲಿ ಹವಾಯಿ ದ್ವೀಪಗಳಲ್ಲಿ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸಿ ನುಡಿಸುವ ಕ್ರಮ ಬೆಳೆಯಿತು. ಅದರ ಶ್ರೇಯ ಜೋಸೆಫ್ ಕೆಕುಕು ಅವರಿಗೆ ಸಲ್ಲುತ್ತದೆ. 1915ರ ಸ್ಯಾನ್ ಫ್ರಾನ್ಸಿಸ್ಕೊ ಪ್ರದರ್ಶನದ ನಂತರ ಅಮೆರಿಕಕ್ಕೆ ಅದರ ಹುಚ್ಚು ಹಿಡಿಯಿತು. ಕಂಟ್ರಿ ಸಂಗೀತದ ಅಳುವ ಸ್ಟೀಲ್ ಗಿಟಾರ್ ಅದರ ಸಂತಾನ. ಡೆಲ್ಟಾದಲ್ಲಿ ಬಾಟಲಿಯ ಕೊರಳು, ಚಾಕು ಹಿಡಿದು ಜಾರಿಸುತ್ತಿದ್ದವರಿಗೆ ಇನ್ನೊಂದು ಮೂಲವೂ ಇತ್ತು: ಗೋಡೆಗೆ ಒಂದು ತಂತಿ ಮೊಳೆಹೊಡೆದು ಮಕ್ಕಳು ನುಡಿಸುತ್ತಿದ್ದ ಡಿಡ್ಲಿ ಬೋ.

ಹವಾಯಿಯ ಟಾವು ಮೋ 1940ರ ದಶಕದಲ್ಲಿ ಕೋಲ್ಕತ್ತದಲ್ಲಿ ನೆಲೆಸಿ ಈ ವಾದ್ಯವನ್ನು ಇಲ್ಲಿ ಬೇರೂರಿಸಿದರು. ಬ್ರಿಜ್‌ಭೂಷಣ್ ಕಾಬ್ರಾ, ವಿಶ್ವಮೋಹನ ಭಟ್ಟ ಅದರಲ್ಲಿ ರಾಗ ನುಡಿಸಿದರು. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಅದೇ ದಾರಿಯವರು. ಭಟ್ಟರು ಅಮೆರಿಕದ ರೈ ಕೂಡರ್ ಜೊತೆ ನುಡಿಸಿದ ಆಲ್ಬಂ 1994ರಲ್ಲಿ ಗ್ರ್ಯಾಮಿ ಗೆದ್ದಿತು. 1995ರಲ್ಲಿ ಹೊರಬಂದ ಇನ್ನೊಂದು ರೆಕಾರ್ಡಿಂಗಿನಲ್ಲಿ ಬ್ಲೂಸ್ ಗಾಯಕ ತಾಜ್ ಮಹಲ್ ಜೊತೆ ಭಟ್ಟರೂ ಮೈಸೂರಿನಲ್ಲಿ ಹುಟ್ಟಿದ ಚಿತ್ರವೀಣೆ ವಾದಕ ಎನ್. ರವಿಕಿರಣ್ ಅವರೂ ಕೂತು ನುಡಿಸಿದರು. ಬ್ಲೂಸಿಗೆ ಕನ್ನಡದ ಕಿವಿಯನ್ನು ಒಗ್ಗಿಸಲು ಆ ರೆಕಾರ್ಡಿಂಗಿಗಿಂತ ಹತ್ತಿರದ ಬಾಗಿಲು ಇನ್ನೊಂದಿಲ್ಲ.

ಜಾರಿಸಿ ನುಡಿಸುವ ಆಸೆಯಿದ್ದವರಿಗೆ ಒಂದೇ ಸೂಚನೆ. ಮಾಮೂಲಿ ಗಿಟಾರಿನಲ್ಲಿ ಬೆರಳನ್ನು ಮೆಟ್ಟಿನ ಹಿಂದೆ ಒತ್ತುತ್ತೇವೆ. ಸ್ಲೈಡನ್ನು (ಜಾರಿಸುವ ತುಂಡನ್ನು) ಮೆಟ್ಟಿನ ನೇರ ಮೇಲೆ ಇಡಬೇಕು, ಒತ್ತಬಾರದು. ಹಿಂದೆ ಉಳಿದರೆ ಸ್ವರ ತಗ್ಗುತ್ತದೆ.

ಮೊದಲು ಸ್ವರ, ಆಮೇಲೆ ಸಾಹಿತ್ಯ

ವಾದ್ಯವೇ ಇಲ್ಲದ ಒಂದು ಕವಲನ್ನು ಬಿಟ್ಟರೆ ಚಿತ್ರ ಪೂರ್ತಿಯಾಗದು. ಸೇಕ್ರೆಡ್ ಹಾರ್ಪ್ ಎಂಬ ಭಜನೆಗಳ ಪುಸ್ತಕ 1844ರಲ್ಲಿ ಜಾರ್ಜಿಯಾದಲ್ಲಿ ಸಿದ್ಧವಾಯಿತು. ಅದರಲ್ಲಿ ಸ್ವರಗಳಿಗೆ ಆಕಾರ ಕೊಟ್ಟಿದ್ದಾರೆ: ಫಾ ತ್ರಿಕೋನ, ಸೋ ದುಂಡು, ಲಾ ಚೌಕ, ಮಿ ವಜ್ರಾಕೃತಿ. ಹಾಡುವವರು ನಾಲ್ಕು ಗುಂಪಾಗಿ ಚೌಕಾಕಾರದಲ್ಲಿ ಒಳಮುಖ ಕೂತು, ಮೊದಲು ಸ್ವರಗಳ ಹೆಸರನ್ನೇ ಹಾಡಿ, ಆಮೇಲೆ ಮಾತು ಹಾಡುತ್ತಾರೆ. ಕರ್ನಾಟಕ ಸಂಗೀತದ ಗೀತೆ ಪಾಠ ಮಾಡಿದವರಿಗೆ ಈ ಕ್ರಮ ಗೊತ್ತೇ ಇದೆ. ಕಂಠಗಳು ಒರಟು, ಪೂರಾ ಗಟ್ಟಿ. ಇದನ್ನು ಹಾಡುವುದು ಸಭಿಕರಿಗಾಗಿ ಅಲ್ಲ, ಅಲ್ಲಿ ಸಭಿಕರೇ ಇಲ್ಲ.

ಎಲ್ಲಿ ಸಿಗುತ್ತದೆ, ಏನು ಕೈಕೊಡುತ್ತದೆ

ಸಂಗೀತದ ಆ್ಯಪ್‌ಗಳಲ್ಲಿ ‘ಫೋಕ್’ ಎಂದು ಹುಡುಕಿದರೆ ಇಂದಿನ ಗಿಟಾರ್ ಗೀತೆಗಳೇ ಮೊದಲು ಬರುತ್ತವೆ. ವಾದ್ಯ, ಶೈಲಿ, ಪ್ರದೇಶ ಸೇರಿಸಿ ಹುಡುಕಿ: ಕ್ಲಾಹ್ಯಾಮರ್ ಬ್ಯಾಂಜೋ, ಓಲ್ಡ್‌ಟೈಮ್ ಫಿಡಲ್, ಪೀಡ್‌ಮಾಂಟ್ ಬ್ಲೂಸ್, ಡೆಲ್ಟಾ ಬ್ಲೂಸ್. ಮೋಸೆಸ್ ಆಶ್ 1948ರಲ್ಲಿ ಕಟ್ಟಿದ ಫೋಕ್‌ವೇಸ್ ಕಂಪನಿಯ ಭಂಡಾರ 1987ರಿಂದ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿದೆ. ತಟ್ಟೆಗಳ ಜೊತೆ ಬರುತ್ತಿದ್ದ ಟಿಪ್ಪಣಿ ಪುಸ್ತಿಕೆಗಳನ್ನು ಅದರ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು, ಓದಲೇಬೇಕಾದವು. ಲೈಬ್ರರಿ ಆಫ್ ಕಾಂಗ್ರೆಸ್‌ನ ನ್ಯಾಷನಲ್ ಜೂಕ್‌ಬಾಕ್ಸ್ ಇನ್ನೂ ಹಳೆಯ ತಟ್ಟೆಗಳನ್ನು ಕೇಳಿಸುತ್ತದೆ.

ಹಳೆಯ ತಟ್ಟೆಗಳ ಸರಪರ ಸದ್ದು ಮೊದಲಿಗೆ ಅಡ್ಡಿ. ಅದಕ್ಕೊಂದು ಉಪಾಯವಿದೆ: ಹರ್ಟ್ ಅವರದ್ದಾದರೆ 1960ರ ದಶಕದ ಸ್ವಚ್ಛ ರೆಕಾರ್ಡಿಂಗ್ ಮೊದಲು ಕೇಳಿ, ನಂತರ 1928ರದ್ದಕ್ಕೆ ಹೋಗಿ. ಕೈಯ ಪರಿಚಯ ಆಗಿರುವುದರಿಂದ ಕಿವಿ ಸದ್ದನ್ನು ದಾಟುತ್ತದೆ. ಸದ್ದನ್ನು ಪೂರ್ತಿ ಅಳಿಸಿದ ಪ್ರತಿಗಳನ್ನು ಬಿಡಿ, ಪಿಟೀಲಿನ ಹೊಳಪೂ ಅದರ ಜೊತೆ ಅಳಿಸಿರುತ್ತದೆ. ಕಥೆ ನಡುವೆಯೇ ಹಾರಿದಂತೆ ಅನಿಸಿದರೆ ಗಾಯಕರನ್ನು ದೂರಬೇಡಿ. ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ, ಉದ್ದನೆಯ ಕಥನಗೀತೆಗಳಿಗೆ ಕತ್ತರಿ ಬೀಳುತ್ತಿತ್ತು.

ಜಾನ್ ಹೆನ್ರಿ: ಒಂದು ಕಥೆ, ಹಲವು ಕೈ

ಕೇಳುವ ಅಭ್ಯಾಸಕ್ಕೆ ಒಂದೇ ಕಥೆಯನ್ನು ಆರಿಸಿಕೊಳ್ಳುವುದಾದರೆ ಅದು ಜಾನ್ ಹೆನ್ರಿಯದು. ರೈಲು ಸುರಂಗಕ್ಕಾಗಿ ಬಂಡೆಗೆ ಉಕ್ಕಿನ ಸರಳು ಬಡಿದು ಸಿಡಿಮದ್ದಿಗೆ ತೂತು ಕೊರೆಯುವ ಕಪ್ಪು ಕೂಲಿಕಾರ ಆತ. ಹಬೆಯ ಯಂತ್ರದೊಂದಿಗೆ ಪೈಪೋಟಿಗಿಳಿದು, ಗೆದ್ದು, ಸುತ್ತಿಗೆ ಹಿಡಿದೇ ಸಾಯುತ್ತಾನೆ. ವೆಸ್ಟ್ ವರ್ಜೀನಿಯಾದ ಬಿಗ್ ಬೆಂಡ್ ಸುರಂಗದೊಂದಿಗೆ ಈ ಕಥೆಯನ್ನು ಹೆಚ್ಚಾಗಿ ಜೋಡಿಸುತ್ತಾರೆ.

1952ರಲ್ಲಿ ಹ್ಯಾರಿ ಸ್ಮಿತ್ ಹಳೆಯ ತಟ್ಟೆಗಳಿಂದ 84 ಹಾಡು ಆರಿಸಿ ಫೋಕ್‌ವೇಸ್‌ಗಾಗಿ ಒಂದು ಸಂಕಲನ ಮಾಡಿದರು. ಯಾರು ಕಪ್ಪು, ಯಾರು ಬಿಳಿ ಎಂದು ಎಲ್ಲೂ ಬರೆಯಲಿಲ್ಲ. ಅದರಲ್ಲಿ ಈ ಕಥೆ ಎರಡು ಸಲ ಬರುತ್ತದೆ. ವಿಲಿಯಮ್ಸನ್ ಬ್ರದರ್ಸ್ ಆ್ಯಂಡ್ ಕರಿ ಎಂಬ ವೆಸ್ಟ್ ವರ್ಜೀನಿಯಾ ತಂಡದ 1927ರ ತಟ್ಟೆ ಪಿಟೀಲಿನ ಓಟ, ಅಲ್ಲಿ ಜಾನ್ ಹೆನ್ರಿ ವೀರ. ಹರ್ಟ್ ಅವರ 1928ರದ್ದು ಮೆಲುದನಿಯದು. ಅದರಲ್ಲಿ ಹಾಡುವವನು ಜಾನ್ ಹೆನ್ರಿಯನ್ನು ಕೊಂದ ಸುತ್ತಿಗೆ ನನ್ನನ್ನು ಕೊಲ್ಲದು ಎನ್ನುತ್ತಾನೆ. ಇದನ್ನು ಒಯ್ದು ಮೇಸ್ತ್ರಿಗೆ ಕೊಡಿ, ನಾನು ಹೋದೆ ಎಂದು ಹೇಳಿ ಎನ್ನುತ್ತಾ ಕೆಲಸ ಬಿಟ್ಟು ನಡೆದುಬಿಡುತ್ತಾನೆ. ವೀರಮರಣದ ಕಥೆಯನ್ನು ಒಬ್ಬ ರೈತ ಇಷ್ಟು ಮೃದುವಾಗಿ, ಇಷ್ಟು ದೃಢವಾಗಿ ತಿರಸ್ಕರಿಸುವುದು ಈ ಇಡೀ ಪರಂಪರೆಯ ದೊಡ್ಡ ಕ್ಷಣಗಳಲ್ಲೊಂದು.

ಇವೆರಡರ ನಂತರ ಕಪ್ಪು ಗಾಯಕ ಲೆಡ್ ಬೆಲ್ಲಿ ಹಾಡಿದ ಸುತ್ತಿಗೆಯ ಹಾಡು ಕೇಳಿ. ಪ್ರತಿ ಸಾಲಿನ ಕೊನೆಗೆ ‘ಹಾ’ ಎಂದು ಉಸಿರು ಬಿಡುತ್ತಾರೆ, ಸುತ್ತಿಗೆ ಬೀಳುವುದು ಅಲ್ಲಿ. ಕೊನೆಗೆ ಗಿಟಾರ್ ವಾದಕಿ ಎಟ್ಟಾ ಬೇಕರ್ ಮಾತಿಲ್ಲದೆ ಗಿಟಾರಿನಲ್ಲೇ ನುಡಿಸಿದ ಜಾನ್ ಹೆನ್ರಿ. ಲೆಡ್ ಬೆಲ್ಲಿಯ ‘ಹಾ’ ಎಲ್ಲಿ ಬೀಳುತ್ತದೆಂದು ಕಾಲಿಗೆ ಅಭ್ಯಾಸವಾದ ಮೇಲೆ ಮೊದಲೆರಡನ್ನು ಮತ್ತೆ ಹಾಕಿ, ಆ ಜಾಗದಲ್ಲಿ ವಿಲಿಯಮ್ಸನ್ ತಂಡದ ಬಿಲ್ಲು ಏನು ಮಾಡುತ್ತದೆ, ಹರ್ಟ್ ಅವರ ಹೆಬ್ಬೆರಳು ಏನು ಮಾಡುತ್ತದೆ ಎಂದು ಕೇಳಿ.